ನೀಲಕ್ಕನ ಎಮ್ಮೆ

ರೊಟ್ಟಿ ಉಬ್ಬದಿದ್ದರೆ ನೀಲಕ್ಕ ಹಿಟ್ಟನ್ನು ಬೈಯುತ್ತಿರಲಿಲ್ಲ, ತನ್ನ ಕೈಯನ್ನಂತೂ ಬೈಯುತ್ತಲೇ ಇರಲಿಲ್ಲ, ಬೆಂಕಿಯನ್ನು ಬೈಯುತ್ತಿದ್ದಳು. ಹಂಚಿನಿಂದ ತೆಗೆದ ಜೋಳದ ರೊಟ್ಟಿಯನ್ನು ನೇರ ಉರಿಗೆ ಹಿಡಿಯುವಳು. ಅದು ಪೂರ್ತಿ ಉಬ್ಬಿ ನಿಂತರೆ ಮಾತ್ರ, "ಹಾಂ, ಇದಕ್ಕಂತಾರ ಬೆಂಕಿ!" ಎನ್ನುವಳು. ಅಷ್ಟು ಜಂಬ ಅವಳಿಗೆ, ಅಷ್ಟು ಹೆಮ್ಮೆ ನಮಗೆ.

ಮುಂಬೈಯ ಭಾಂಡುಪಿನ ನಮ್ಮ ಚಾಳಿನಲ್ಲಿ ಅವಳದು ಖಾನಾವಳಿ. ಅವಳ ಊರಾದ ವಿಜಯಪುರದ ಕಡೆಯಿಂದ ಬಂದ ಗಾರೆ ಕೆಲಸದ ಗೌಂಡಿಗಳು, ನನ್ನಂಥ ಒಂಟಿ ಗುಮಾಸ್ತರು, ಎಲ್ಲರೂ ಅಲ್ಲೇ ಉಣ್ಣುತ್ತಿದ್ದೆವು. ಒಮ್ಮೆ ಸಿಲಿಂಡರ್ ಬರುವುದು ತಡವಾಗಿ ನಾವೆಲ್ಲ ವಡಾಪಾವ್ ತಿಂದು ಕೆಲಸಕ್ಕೆ ಓಡಿದೆವು. ಅವಳಿಗೆ ಅದು ಮಾನ ಹೋದಂತೆ. ಅಂದಿನಿಂದ ಬೇರೆ ಬೆಂಕಿ ಹುಡುಕತೊಡಗಿದಳು. ಗಚ್ಚಿಯ ಮೇಲೆ ಸೋಲಾರ್ ಒಲೆ ಇಟ್ಟಳು. ಅನ್ನ ಬೆಂದಿತು, ರೊಟ್ಟಿ ಹಪ್ಪಳವಾಯಿತು. ಇಂಡಕ್ಷನ್ ಒಲೆ ತಂದಳು. "ಉರೀನ ಇಲ್ಲ, ರೊಟ್ಟಿ ಎದಕ್ಕ ಹಿಡೀಲಿ?" ಎಂದು ಅದನ್ನೂ ವಾಪಸು ಕಳಿಸಿದಳು.

ಕೊನೆಗೆ ಅಂಗಳದ ಮೂಲೆಯಲ್ಲಿ, ಮಿಕ್ಕ ಅನ್ನ, ತರಕಾರಿ ಸಿಪ್ಪೆಗಳಿಂದ ಗ್ಯಾಸ್ ಮಾಡುವ ಟಾಕಿ ಬಂದು ಕೂತಿತು. ಗ್ಯಾಸ್ ತುಂಬಿದಂತೆ ಅದರ ಮೇಲಿನ ಡ್ರಮ್ಮು ಏರುವುದು, ಒಲೆ ಉರಿದಂತೆ ಇಳಿಯುವುದು. ಪಕ್ಕದ ಮನೆಯ ಮರಾಠಿ ಹೆಂಗಸು ಸಾವಂತ ಕಾಕು ಮೂಗು ಮುಚ್ಚಿಕೊಂಡೇ ಜಗಳಕ್ಕೆ ಬಂದರು. ನೀಲಕ್ಕ ಅವರಿಗೆ ಮರಾಠಿಯಲ್ಲಿ ಸಮಾ ಉತ್ತರ ಕೊಟ್ಟು, ನಮ್ಮ ಕಡೆ ತಿರುಗಿದಳು: "ನೆಲದಾಗಿನ ಗ್ಯಾಸ್ ಇವತ್ತಿಲ್ಲ ನಾಳೆ ಮುಗೀತೈತಿ. ಮಂದಿ ತಾಟಿನ್ಯಾಗ ಬಿಡೂದು ಎಂದಾರ ಮುಗದೈತೇನ್ರೋ?"

ಟಾಕಿಯನ್ನು ಅವಳು 'ಎಮ್ಮಿ' ಎಂದೇ ಕರೆಯುತ್ತಿದ್ದಳು. ಎಡವಟ್ಟಾದದ್ದೂ ಅದರಿಂದಲೇ. ಯುಗಾದಿಯ ದಿನ ಎಮ್ಮೆಗೂ ಹಬ್ಬವಾಗಲಿ ಎಂದು ಹೋಳಿಗೆ, ಕಟ್ಟಿನ ಸಾರು, ಹುಳಿ ಮಜ್ಜಿಗೆ ಎಲ್ಲವನ್ನೂ ಬಕೆಟ್ಟುಗಟ್ಟಲೆ ಸುರಿದಳು. ಡ್ರಮ್ಮು ಕುಸಿದು ಕೂತಿತು, ನಾತ ಚಾಳಿಗೆಲ್ಲ ಹಬ್ಬಿತು. ಅಕ್ಷಯ ತೃತೀಯದೊಳಗೆ ಸರಿಯಾಗದಿದ್ದರೆ ಟಾಕಿ ಕಿತ್ತು ಹಾಕಬೇಕೆಂದು ಕಾಕು ಎಲ್ಲರನ್ನೂ ಒಪ್ಪಿಸಿಬಿಟ್ಟರು.

ಟಾಕಿ ಕೂರಿಸಿದ್ದ ಇಂಜಿನಿಯರ್ ಬಂದು ನೋಡಿ, ಒಳಗೆಲ್ಲ ಹುಳಿಯಾಗಿದೆ, ಕೆಲವು ದಿನ ಬರೀ ಸಗಣಿನೀರು ಹಾಕಿ ಎಂದರು. "ಅಜೀರ್ಣ ಆಗೈತಿ ಅನ್ರಿ. ತಪ್ಪು ನಂದು. ಎಮ್ಮಿ ಉಪಾಸ ಇದ್ರ ನಾನೂ ಒಂದೊಪ್ಪತ್ತು," ಎಂದಳು ನೀಲಕ್ಕ. ದಿನಾ ತಬೇಲಾಕ್ಕೆ ಹೋಗಿ ಎಮ್ಮೆಗಳ ಸಗಣಿ ಹೊತ್ತು ತಂದಳು. ನಾವು ನಕ್ಕೆವು, ಆದರೆ ಅವಳ ಮುಖ ಸೊರಗಿದ್ದು ನೋಡಿ ನಗು ನಿಲ್ಲಿಸಿದೆವು.

ಗಡುವಿಗೆ ಮುಂಚೆಯೇ ಡ್ರಮ್ಮು ಎದ್ದಿತು. ಉಬ್ಬಿದ ಮೊದಲ ರೊಟ್ಟಿಯನ್ನು ನೀಲಕ್ಕ ಬೆಣ್ಣೆ ಹಚ್ಚಿ ಕಾಕುವಿನ ಮನೆಗೆ ಒಯ್ದಳು. ಮರುದಿನದಿಂದ ಕಾಕುವಿನ ಮನೆಯ ಸಿಪ್ಪೆಯೂ ಎಮ್ಮೆಯ ಹೊಟ್ಟೆಗೇ. ನಾನಂತೂ ಆಫೀಸಿನಲ್ಲಿ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು, ಟಾಕಿಯನ್ನು ನಾನೇ ಕಂಡುಹಿಡಿದವನಂತೆ.

ಆಮೇಲೆ ನಾನು ಮುಲುಂಡಿಗೆ ಮನೆ ಬದಲಿಸಿದೆ. ಹೋದ ವರ್ಷ ಒಂದು ಬೆಳಿಗ್ಗೆ ಫೋನ್ ಬಂತು. ನೀಲಕ್ಕ ಮಲಗಿದಲ್ಲೇ ಹೋಗಿಬಿಟ್ಟಿದ್ದಳು.

ಮಣ್ಣು ಮಾಡಿ ಬಂದಾಗ ಅವಳ ಮನೆಯ ಒಲೆ ತಣ್ಣಗಿತ್ತು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಹೊರಗೆ ಡ್ರಮ್ಮು ಮಾತ್ರ ತುಂಬಿ ತುದಿಯವರೆಗೆ ಏರಿ ನಿಂತಿತ್ತು. ಗ್ಯಾಸ್ ಹೀಗೆ ಹಾಳಾಗುವುದನ್ನು ಅವಳು ಸಹಿಸುತ್ತಿದ್ದಳೇ? ಸಾವಂತ ಕಾಕು ಎದ್ದರು. "ಘರಾತ್ ನಕೋ, ಅಂಗಣಾತ್ ಚಾಲೇಲ್," ಮನೆಯೊಳಗೆ ಬೇಡ, ಅಂಗಳದಲ್ಲಾದರೆ ನಡೆದೀತು ಎಂದು ಒಲೆಯನ್ನೂ ಪೈಪನ್ನೂ ಅಂಗಳಕ್ಕೆ ಎಳೆಸಿದರು. ಚಾಳಿನ ಹೆಂಗಸರು ರೊಟ್ಟಿ ಬಡಿಯಲು ಕೂತರು.

ಮೊದಲ ರೊಟ್ಟಿಯನ್ನು ಕಾಕುವೇ ಉರಿಗೆ ಹಿಡಿದರು. ಉಬ್ಬಿತು. ಕಾಕು ಅದನ್ನು ಹಿಡಿದುಕೊಂಡೇ ನೀಲಕ್ಕನ ಕತ್ತಲು ಅಡುಗೆಮನೆಯ ಕಡೆ ತಿರುಗಿದರು. ಕನ್ನಡ ಬಾರದ ಆ ಹೆಂಗಸು, ಒಳಗಿದ್ದವಳಿಗೆ ಕೇಳಲೆಂಬಂತೆ, ಗಟ್ಟಿಯಾಗಿ ಕೂಗಿದರು:

"ನೀಲಾ, ಇದಕ್ಕಂತಾರ ಬೆಂಕಿ!"