ಬೇರೆಯವರ ಅಮ್ಮನಿಗೆ ಹೂಂಗುಟ್ಟಿದ್ದು

ನನ್ನ ಬಾಯಿಗೆ ಬೀಗವಿಲ್ಲವೆಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಬಾಯಿ ಬಿಡಲೇಬೇಕಾಗಿದ್ದ ಒಂದು ದಿನ ಮಾತ್ರ ಅದನ್ನು ಮುಚ್ಚಿಕೊಂಡೆ.

ಆಗ ಡಾಟ್ ಕಾಮ್ ಹುಚ್ಚಿನ ಕಾಲ. ಅಮೆರಿಕದ ರೆಡ್‌ವುಡ್ ಸಿಟಿಯಲ್ಲಿ ಘಾನಾ ದೇಶದ ಹೆಂಗಸೊಬ್ಬರ ಕಂಪನಿಯಲ್ಲಿ ನಾನು ಫೋನು ಎತ್ತುವ ಕೆಲಸಕ್ಕಿದ್ದೆ. ಅವರ ಊರಿನಲ್ಲೂ ದೊಡ್ಡವರನ್ನು ಆಂಟಿ ಎನ್ನುತ್ತಾರಂತೆ. ಮಂಗಳೂರಿನವಳಾದ ನನಗೆ ಅದು ಸಲೀಸಾಯಿತು. ಆಂಟಿ ಬಾಡಿಗೆ ಗ್ಯಾರೇಜಿನಲ್ಲಿ ಗಿರಾಕಿಗಳ ಜಡೆ ಹೆಣೆಯುತ್ತಾ ಶುರು ಮಾಡಿದವರು. ತಮ್ಮ ಊರಿನ ಶಿಯಾ ಎಂಬ ಮರದ ಬೀಜದ ಬೆಣ್ಣೆಯಿಂದ ತಲೆಗೆ ಹಚ್ಚುವ ಕ್ರೀಮು ಮಾಡಿ ಅಂಗಡಿಗಳಿಗೆ ಕೊಟ್ಟರು, ಈಗ ವೆಬ್‌ಸೈಟಿನಲ್ಲೂ ಮಾರುತ್ತಿದ್ದರು. ಕ್ರೀಮು ಮಾಡಲು ಕಲಿಸಿದ್ದು ಅವರ ಅಮ್ಮ. ಭಾನುವಾರ ಅಮ್ಮನ ಜೊತೆ ಫೋನಿನಲ್ಲಿ ಮಾತಾಡದೆ ಆಂಟಿ ಊಟಕ್ಕೆ ಕೂರುತ್ತಿರಲಿಲ್ಲ.

ಅಂದು ಪಕ್ಕದ ಊರಾದ ಪಾಲೋ ಆಲ್ಟೋದಲ್ಲಿ ಬಂಡವಾಳ ಹಾಕುವವರ ಜೊತೆ ಮೀಟಿಂಗು. ಕಂಪನಿ ಉಳಿಯುವುದೋ ಮುಚ್ಚುವುದೋ ಅದರ ಮೇಲೆಯೇ ನಿಂತಿತ್ತು. ಆಂಟಿ ನಮ್ಮ ಆಫೀಸಿನ ಗಾಜಿನ ಕೋಣೆಯೊಳಗೆ ಕಾಗದ ಜೋಡಿಸಿಕೊಳ್ಳುತ್ತಿದ್ದಾಗ ಘಾನಾದಿಂದ ಅವರ ಅಣ್ಣನ ಫೋನು ಬಂತು. "ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಉಳಿಯೋದು ಕಷ್ಟ. ಮಗಳ ಹತ್ರ ಮಾತಾಡ್ಬೇಕಂತೆ. ಬೇಗ ಕರೀರಿ, ಅಮ್ಮನ ಕಿವಿಗೇ ಫೋನು ಇಡ್ತೀನಿ" ಎಂದರು.

ನಾನು ಕರೆಯಲಿಲ್ಲ. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ನಮ್ಮಲ್ಲಿ ಕೆಟ್ಟ ಸುದ್ದಿ ಹೇಳುವುದುಂಟೇ? ಅಜ್ಜ ತೀರಿಕೊಂಡ ದಿನ ನನಗೆ ಪರೀಕ್ಷೆಯಿತ್ತೆಂದು ಸಂಜೆಯವರೆಗೂ ಮುಚ್ಚಿಟ್ಟವರು ನಮ್ಮ ಮನೆಯವರು. ಅದೇ ಪ್ರೀತಿಯೆಂದು ತಿಳಿದು ಬೆಳೆದವಳು ನಾನು. ಎರಡು ಗಂಟೆ ತಾನೇ, ಮೀಟಿಂಗು ಮುಗಿಯಲಿ ಅಂದುಕೊಂಡೆ.

ಅಷ್ಟರಲ್ಲಿ ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ ಬಂತು. ನನ್ನನ್ನೇ ಮಗಳೆಂದುಕೊಂಡು ತಮ್ಮ ಭಾಷೆಯಲ್ಲಿ ನಿಧಾನವಾಗಿ ಏನೋ ಹೇಳತೊಡಗಿದರು. ಒಂದಕ್ಷರ ತಿಳಿಯಲಿಲ್ಲ. ಅಯ್ಯೋ, ಫೋನು ಇಡಲೂ ಆಗದೆ, ಅವರು ಮಾತು ನಿಲ್ಲಿಸಿದಾಗಲೆಲ್ಲ "ಹೂಂ, ಹೂಂ" ಎಂದೆ. ಲೈನು ಕಡಿದುಹೋಯಿತು. ಆಂಟಿ ಹೊರಗೆ ಬಂದು, "ಯಾರದು ಫೋನು?" ಎಂದರು.

"ಯಾವುದೋ ರಾಂಗ್ ನಂಬರು. ನೀವು ಹೊರಡಿ ಆಂಟಿ."

ಆಂಟಿ ಹೊರಟ ಮೇಲೆ ಗಂಡನಿಗೆ ಫೋನು ಮಾಡಿ ಹೇಳಿದೆ. "ನೀನು ಮಾಡಿದ್ದು ಸರಿಯೇ ಉಂಟು ಮಾರಾಯ್ತಿ. ಮೀಟಿಂಗು ಮುಗೀಲಿ, ಆಮೇಲೆ ಹೇಳಿದ್ರಾಯ್ತು" ಎಂದರು. ಇಬ್ಬರಿಗೂ ಒಂದೇ ಬುದ್ಧಿ!

ಮಧ್ಯಾಹ್ನ ಆಂಟಿ ಗೆದ್ದು ಬಂದರು. ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿದರು. ಕೋಣೆಗೆ ಕರೆದುಕೊಂಡು ಹೋಗಿ ವಿಷಯ ಹೇಳಿದೆ. ನಿಂತಲ್ಲೇ ಊರಿಗೆ ಫೋನು ಹಚ್ಚಿದರು. ಅಮ್ಮ ಹೋಗಿ ಆಗಲೇ ಒಂದು ಗಂಟೆಯಾಗಿತ್ತು.

ಆ ಮೀಟಿಂಗಿನಿಂದಲೇ ಕಂಪನಿ ದೊಡ್ಡದಾಯಿತು ಬಿಡಿ, ಪತ್ರಿಕೆಗಳಲ್ಲಿ ಆಂಟಿಯ ಫೋಟೋ ಬಂತು. ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಆ ಫೋಟೋ ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅಂದು ಆಂಟಿ ಕೂಗಾಡಲಿಲ್ಲ. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ತಾಯಿ ಮಗಳು ಮಾತಾಡಿಕೊಳ್ಳಲಿ ಎಂದು ಅಣ್ಣ ಫೋನು ಕೊಟ್ಟು ಹೊರಗೆ ಹೋಗಿದ್ದರಂತೆ. ಅಮ್ಮನ ಆ ಕೊನೆಯ ಮಾತು ಕೇಳಿದವಳು ನಾನೊಬ್ಬಳೇ. "ಅಮ್ಮ ಏನಂದಳು?" ಎಂದು ಆಂಟಿ ಕೇಳಿದರು. ನನಗೆ ತಿಳಿಯಲಿಲ್ಲ ಆಂಟಿ, ಸುಮ್ಮನೆ ಹೂಂ ಹೂಂ ಅಂದೆ ಎಂದು ಅಳುತ್ತಾ ಒಪ್ಪಿಕೊಂಡೆ.

ಆಂಟಿ ನನ್ನ ಎರಡೂ ಕೈ ಹಿಡಿದುಕೊಂಡರು.

"ಅಮ್ಮನಿಗೆ ನಾನು ಏನಂತ ಮಾತು ಕೊಟ್ಟೆ, ಹೇಳು?"