ರಾಣಿಯ ಆಣಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹನ್ನೊಂದು ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ನಾನು, ಅಂಜನಾ, ಓದಿ ಪಾಸಾಗಿ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿದವಳು, ಒಂದು ಕೋಳಿಗೆ ಮನುಷ್ಯರ ಆಣಿ ಪಟ್ಟಿ ಕೊಟ್ಟು ಕಳಿಸಿದೆ. ಕೇಳದೆ ಕೊಟ್ಟೆನೆಂದಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿಯೇ ಕೊಟ್ಟೆ.

ಬಂದವಳು ಹಿಂದಿನ ಓಣಿಯ ಉಚ್ಚೆಂಗೆಮ್ಮ.

"ಅಕ್ಕಾರ, ಆಣಿಗೆ ಏನರ ಕೊಡ್ರಿ. ನಮ್ ರಾಣಿಗೆ ಅಂಗಾಲಾಗ ಆಗೈತಿ. ಕುಂಟಾಕ ಹತ್ಯಾಳ."

"ಶುಗರ್ ಐತೇನು ಆಕೀಗೆ?" ಎಂದೆ. ಸಕ್ಕರೆ ಕಾಯಿಲೆಯವರ ಕಾಲಿಗೆ ಆ ಪಟ್ಟಿ ಹಚ್ಚಬಾರದು.

"ಎಲ್ಲೀದ್ರಿ ಶುಗರು. ಬರೀ ಜ್ವಾಳ ತಿಂದು ಬೆಳದಾಳ."

"ಬರಿಗಾಲಾಗ ಅಡ್ಡಾಡತಾಳೇನು?"

ಉಚ್ಚೆಂಗೆಮ್ಮ ನನ್ನನ್ನು ವಿಚಿತ್ರವಾಗಿ ನೋಡಿ, "ಮತ್ತ ಹ್ಯಾಂಗ ಅಡ್ಡಾಡಬೇಕ್ರಿ?" ಎಂದಳು. ಮಗಳೋ ಸೊಸೆಯೋ ಇರಬೇಕೆಂದುಕೊಂಡು, ಚಪ್ಪಲಿ ಕೊಡಿಸು ಎಂದು ಬುದ್ಧಿ ಹೇಳಿ, ಪಟ್ಟಿ ಕೊಟ್ಟೆ. ಅವಳು ತಲೆಯಾಡಿಸಿಕೊಂಡು ಹೋದಳು.

ಐದನೆಯ ದಿನ ಬೆಳಿಗ್ಗೆ ಬಂದು ಕೌಂಟರಿನ ಮೇಲೆ ಬುಟ್ಟಿ ಇಟ್ಟಳು. ಒಳಗೆ ಕೆಂಪು ಹೇಂಟೆ ಕೋಳಿ. ಅದರ ಬಲಗಾಲು ಬಾತು ದಪ್ಪಗಾಗಿತ್ತು. ಅಂಗಾಲಿನ ನಡುವೆ ಕರಿಯ ಹಕ್ಕಳೆ, ಅದರ ಸುತ್ತ ನಾನು ಕೊಟ್ಟ ಪಟ್ಟಿ ಸುಟ್ಟು ಬಿಳಿಚಿಸಿದ ಚರ್ಮ.

"ಇದು ಯಾರು?" ಎಂದೆ.

"ರಾಣಿ ಅಲ್ಲೇನ್ರಿ."

ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ತಪ್ಪು ನನ್ನದೇ ಆದಾಗ ಇನ್ನೂ ಬೇಗ. ಕೋಳಿ ಅಂತ ಹೇಳಬಾರದಿತ್ತಾ ಎಂದು ಗದರಿದೆ. ದಿನಾ ನಿಮ್ಮ ಗೋಡೆ ಹಾರಿ ನಿಮ್ಮ ತುಳಸಿ ತಿನ್ನುವ ರಾಣಿಯನ್ನು ನಿಮಗೆ ಪರಿಚಯ ಮಾಡಿಕೊಡಬೇಕೇ ಎಂದು ಅವಳೂ ತಿರುಗಿ ಕೇಳಿದಳು. ಆ ಕೋಳಿಯನ್ನು ನಾನು ಎರಡು ವರ್ಷದಿಂದ ಬೈದದ್ದು ನಿಜ. ಆದರೆ ಅದಕ್ಕೊಂದು ಹೆಸರಿದೆ ಎಂದು ಯಾರಿಗೆ ಗೊತ್ತು? ನಮ್ಮದು ಮೊಟ್ಟೆಯ ಹೆಸರನ್ನೂ ಅಡುಗೆಮನೆಯಲ್ಲಿ ಎತ್ತದ ಮನೆ.

ಜಗಳ ಮುಂದುವರಿಯುತ್ತಿತ್ತು. ಅಷ್ಟರಲ್ಲಿ ಅವಳ ಕಣ್ಣು ತುಂಬಿತು. "ಇದು ಸತ್ತರ ನಮ್ಮಕ್ಕಂದು ಅಂತ ನನ್ನ ಹತ್ರ ಏನೂ ಉಳಿಯಂಗಿಲ್ರಿ," ಎಂದಳು. ನಾನು ಶಟರನ್ನು ಅರ್ಧ ಇಳಿಸಿ ಅವಳನ್ನು ಕೂಡಿಸಿಕೊಂಡೆ.

ಉಚ್ಚೆಂಗೆಮ್ಮ ಎಂಥವಳೆಂದು ಹೇಳದಿದ್ದರೆ ಅವಳ ಅಕ್ಕನ ಕಥೆ ಅರ್ಥವಾಗುವುದಿಲ್ಲ. ರಾರಾವಿಯಲ್ಲಿ ಹುಟ್ಟಿ, ಹೊಳೆದಂಡೆಯ ಗದ್ದೆಗಳಲ್ಲಿ ನಾಟಿ ಹಚ್ಚುತ್ತ ಬೆಳೆದು, ಗೂಡ್ಸ್ ಆಟೊ ಓಡಿಸುವ ಎರ್ರಣ್ಣನನ್ನು ಮದುವೆಯಾಗಿ ಬಳ್ಳಾರಿಗೆ ಬಂದವಳು. ಇಪ್ಪತ್ತೆರಡು ವರ್ಷದಿಂದ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಆದರೆ ಅವಳ ಕೆಲಸ ಹೊಲಿಯುವುದಲ್ಲ, ಬಿಚ್ಚುವುದು. ಮಷೀನಿನವರು ಅವಸರದಲ್ಲಿ ಜೇಬನ್ನು ಓರೆಯಾಗಿ ಕೂಡಿಸಿದರೆ, ಒಂದು ಕಾಲು ಗಿಡ್ಡ ಬಂದರೆ, ಆ ಪ್ಯಾಂಟು ಇವಳ ಮುಂದೆ ಬಂದು ಬೀಳುತ್ತದೆ. ಬಟ್ಟೆಗೆ ಗೀರು ಬೀಳದಂತೆ ಹೊಲಿಗೆ ಬಿಚ್ಚಿ ಹೊಸದರಂತೆ ವಾಪಸು ಕೊಡುತ್ತಾಳೆ. ಹೇಗೆ ಎಂದು ಕೇಳಿದರೆ ಅವಳದು ಯಾವಾಗಲೂ ಒಂದೇ ಮಾತು: "ದಾರ ಎಳೀಬಾರದ್ರಿ. ನಾಕು ಹೊಲಿಗಿ ಬಿಟ್ಟು ಒಂದು ಕತ್ತರಸಬೇಕು. ಆಮ್ಯಾಲ ಅದ ತಾನಾಗೇ ಬಿಟ್ಟು ಬರತೈತಿ."

ಈ ಕೆಲಸದಿಂದಲೇ ಅಕ್ಕತಂಗಿಯರ ಮಾತು ನಿಂತಿತು. ಅಕ್ಕ ಹುಲಿಗೆಮ್ಮನನ್ನು ಕುರುಗೋಡಿಗೆ ಕೊಟ್ಟಿದೆ. ಎರಡು ವರ್ಷದ ಹಿಂದೆ ಅವಳ ಮಗಳು ಮೀನಾಳ ಲಗ್ನ. ಬೆಳಿಗ್ಗೆ ತಂಗಿ ಬಂದಿಳಿದ ಕೂಡಲೇ, ನಿನಗೇ ಇರಲಿ ಎಂದು, ಅಕ್ಕ ಒಂದು ಕೆಂಪು ಕೋಳಿಮರಿಯನ್ನು ಅವಳ ಕೈಚೀಲಕ್ಕೆ ಬಿಟ್ಟಳು. ಮಧ್ಯಾಹ್ನ ಬೀಗರೆಲ್ಲ ಊಟಕ್ಕೆ ಕೂತಿದ್ದಾಗ ಯಾರೋ ತಂಗಿಗೆ ಏನು ಕೆಲಸ ಎಂದು ಕೇಳಿದರು. ಹುಲಿಗೆಮ್ಮ ನಗಿಸುವ ಹುರುಪಿನಲ್ಲಿ, "ನಮ್ ತಂಗಿ ಬಳ್ಳಾರ್ಯಾಗ ದಿನಾ ನೂರು ಮಂದಿ ಪ್ಯಾಂಟು ಬಿಚ್ಚತಾಳ" ಎಂದುಬಿಟ್ಟಳು. ಚಪ್ಪರವೆಲ್ಲ ನಕ್ಕಿತು. ಉಚ್ಚೆಂಗೆಮ್ಮ ನಗಲಿಲ್ಲ. ಎಲೆಯ ಮುಂದಿನಿಂದ ಎದ್ದು, "ಸತ್ತ ಅವ್ವನ ಆಣಿ, ನಿನ್ನ ಮನ್ಯಾಗ ಹನಿ ನೀರು ಕುಡಿಯಂಗಿಲ್ಲ" ಎಂದು ಹೇಳಿ ಬಸ್ ಹತ್ತಿದಳು. ಕುರುಗೋಡು ದಾಟಿದ ಮೇಲೆ ಕೈಚೀಲ ಚಿಂವ್ ಎಂದಿತು. ಮರಿಯ ಮೇಲೇನು ಸಿಟ್ಟು ಎಂದು ತಂದು ಸಾಕಿಕೊಂಡಳು. ಅದೇ ಈ ರಾಣಿ.

ಇಷ್ಟು ಕೇಳಿದ ಮೇಲೆ ನಾನು ಸುಮ್ಮನೆ ಕೂರುವುದು ಹೇಗೆ? ನನ್ನ ಜೊತೆ ಓದಿದ ಅಮರೇಶ್ ಸಿರುಗುಪ್ಪದಲ್ಲಿ ದನದ ಡಾಕ್ಟರು. ಅವನಿಗೆ ವಿಡಿಯೊ ಕಾಲ್ ಮಾಡಿ, ಕೋಳಿಯ ಅಂಗಾಲನ್ನು ಫೋನಿಗೆ ಹಿಡಿದೆ. ಅವನು ಮೊದಲು ಐದು ನಿಮಿಷ ನಕ್ಕ. ಜಂಗಮರ ಮನೆಯವಳ ಕೈಯಲ್ಲಿ ಕೋಳಿ ನೋಡುವ ಭಾಗ್ಯ ಬಂತಲ್ಲ ಎಂದ. ಆಮೇಲೆ ಕೆಲಸಕ್ಕೆ ಬಂದ.

"ಇದು ಆಣಿ ಅಲ್ಲ ಅಂಜನಾ. ಅಂಗಾಲಿಗೆ ಪೆಟ್ಟು ಬಿದ್ದು, ಒಳಗ ಕೀವು ಸೇರಿ, ಗಡ್ಡಿ ಕಟ್ಟೈತಿ. ಮ್ಯಾಲಿನ ಕರೇದು ಬರೀ ಮುಚ್ಚಳ. ಎತ್ತರದಿಂದ ಹಾರತೈತೇನು ಇದು?"

ನಾವಿಬ್ಬರೂ ಒಟ್ಟಿಗೆ ಅಂಗಡಿಯ ಹಿಂಬಾಗಿಲಾಚೆ ಕಾಣುವ ನಮ್ಮ ಮನೆಯ ಹಿತ್ತಲ ಗೋಡೆಯ ಕಡೆ ನೋಡಿದೆವು. ಗೋಡೆಯ ಕೆಳಗೆ ಕಡಪಾ ಕಲ್ಲಿನ ಚಪ್ಪಡಿ.

"ಬಾವು ಕಾಲಿನ ಮ್ಯಾಲಕ ಏರಿಲ್ಲ. ಮೇವು ತಿಂತೈತಿ. ಹಂಗಾರ ಮನ್ಯಾಗ ನೋಡಬಹುದು," ಎಂದ ಅಮರೇಶ್. "ಉಗುರುಬೆಚ್ಚಗಿನ ಉಪ್ಪುನೀರಾಗ ಕಾಲು ಅದ್ದಿಡ್ರಿ, ಹಕ್ಕಳಿ ಮೆತ್ತಗಾಗಲಿ. ಹಿಂಡಬ್ಯಾಡ್ರಿ, ಹಿಂಡಿದ್ರ ಕೀವು ಇನ್ನೂ ಒಳಗ ಹೋಗತೈತಿ. ಬಾವು ಏರಿದ್ರ, ಮೇವು ಬಿಟ್ರ, ಅವತ್ತ ಇಲ್ಲಿಗೆ ತರ್ರಿ."

ಆ ಮೂರು ದಿನ ನಮ್ಮ ಹಿತ್ತಲು ಆಸ್ಪತ್ರೆಯಾಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಉಚ್ಚೆಂಗೆಮ್ಮ ಬುಟ್ಟಿ ಹಿಡಿದು ಬರುವಳು. ನಾನು ಪ್ಲಾಸ್ಟಿಕ್ ಟಬ್ಬಿನಲ್ಲಿ ಉಪ್ಪುನೀರು ಇಟ್ಟುಕೊಂಡು ಕಾಯುವೆ. ರಾಣಿಯನ್ನು ಟವೆಲಿನಲ್ಲಿ ಸುತ್ತಿ, ಕಣ್ಣ ಮೇಲೆ ಸೆರಗು ಮುಚ್ಚಿದರೆ ಅದು ಸದ್ದಿಲ್ಲದೆ ಕೂರುತ್ತಿತ್ತು. ಯಾರ ತೊಡೆಯ ಮೇಲೆ? ನನ್ನ ತೊಡೆಯ ಮೇಲೆ. ನಮ್ಮತ್ತೆ ಚನ್ನವೀರಮ್ಮ ಹಿತ್ತಲ ಬಾಗಿಲಲ್ಲಿ ನಿಂತು, ಸ್ನಾನ ಮಾಡದೆ ಒಳಗೆ ಬರುವಂತಿಲ್ಲ ಎಂದು ದಿನಾ ಹೇಳುವರು. ಹೇಳಿ ಹೋಗದೆ ಅಲ್ಲೇ ನಿಂತು, "ಇವತ್ತ ಬಾವು ಇಳದೈತೇನು?" ಎಂದು ಕೇಳುವರು.

ಮೊದಲ ದಿನ ಹಕ್ಕಳೆ ಮಿಸುಕಲಿಲ್ಲ. ಎರಡನೆಯ ದಿನ ಅಂಚು ಸ್ವಲ್ಪ ಬಿಟ್ಟಿತು. ಚಿಮಟದಿಂದ ಎಳೆದುಬಿಡೋಣ ಎಂದು ನನ್ನ ಕೈ ತುರಿಸಿತು. ಉಚ್ಚೆಂಗೆಮ್ಮ ನನ್ನ ಕೈಯನ್ನು ಸರಿಸಿದಳು. ಅವಳ ಮುಂದೆ ಎಷ್ಟಾದರೂ ನಾನು ಕಲಿಯುವ ಹುಡುಗಿಯೇ.

ಮೂರನೆಯ ದಿನ ಭಾನುವಾರ. ಕುದಿಸಿ ಸ್ಪಿರಿಟ್ಟಿನಲ್ಲಿ ಒರೆಸಿದ ಚಿಮಟವನ್ನು ಅವಳ ಕೈಗೆ ಕೊಟ್ಟೆ. ಫೋನಿನಲ್ಲಿ ಅಮರೇಶ್ ನೋಡುತ್ತಿದ್ದ. ಅವಳು ಹಕ್ಕಳೆಯ ಅಂಚನ್ನು ಒಂದು ಕಡೆ ಎತ್ತಿದಳು, ಬಿಟ್ಟಳು. ಸ್ವಲ್ಪ ಜಾಗ ಬಿಟ್ಟು ಇನ್ನೊಂದು ಕಡೆ ಎತ್ತಿದಳು, ಬಿಟ್ಟಳು. ಎಲ್ಲೂ ಎಳೆಯಲಿಲ್ಲ. ಸುತ್ತು ಮುಗಿಯುವ ಹೊತ್ತಿಗೆ ಹಕ್ಕಳೆ ಸುತ್ತಲೂ ಸಡಿಲಾಗಿತ್ತು. ಅವಳು ನಡುವೆ ಹಿಡಿದು ಮೆಲ್ಲಗೆ ಎತ್ತಿದಳು ನೋಡಿ, ಹಕ್ಕಳೆಯ ಹಿಂದೆಯೇ ಕಡಲೆಕಾಳಿನಷ್ಟು ದೊಡ್ಡ, ಗಟ್ಟಿಯಾದ, ಹಳದಿಯ ಗಡ್ಡೆ ಇಡಿಯಾಗಿ ಹೊರಗೆ ಬಂತು. ಒಂದೆರಡು ಹನಿ ರಕ್ತ, ಅಷ್ಟೇ. ರಾಣಿ ಸೆರಗಿನೊಳಗಿಂದ 'ಕೊರ್' ಎಂದಳು.

"ಅಬ್ಬಾ, ನಮ್ಮ ಆಸ್ಪತ್ರ್ಯಾಗೂ ಇಷ್ಟು ಚಂದ ಬರಂಗಿಲ್ಲ," ಎಂದ ಅಮರೇಶ್. ನನಗೆ ಕುಣಿಯಬೇಕೆನಿಸಿತು. ನಮ್ಮತ್ತೆ ಬಾಗಿಲಿನಿಂದ ಹಿತ್ತಲಿಗೇ ಇಳಿದು ಬಂದು ಗಡ್ಡೆಯನ್ನು ನೋಡಿ ಹೋದರು. ಗಾಯ ತೊಳೆದು, ಅಯೋಡಿನ್ ಹಚ್ಚಿ, ಗಾಜ್ ಸುತ್ತಿದೆವು. ಅದರ ಮೇಲೆ ಉಚ್ಚೆಂಗೆಮ್ಮ ಕೆಲಸದ ಜಾಗದಿಂದ ತಂದಿದ್ದ ಮೆತ್ತನೆಯ ಜೀನ್ಸ್ ತುಂಡನ್ನು ಬೆರಳುಗಳಿಗೆ ಸಂದು ಬಿಟ್ಟು ಕತ್ತರಿಸಿ, ನಾಲ್ಕು ಹೊಲಿಗೆ ಹಾಕಿ, ಬೂಟು ತೊಡಿಸಿದಳು. ಬಿಚ್ಚುವುದೇ ಕೆಲಸವಾದ ಅವಳು ಹೊಲಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ನೀಲಿ ಬೂಟಿನ ಕಾಲನ್ನು ಎತ್ತೆತ್ತಿ ಇಡುತ್ತ ರಾಣಿ ಹಿತ್ತಲಲ್ಲಿ ನಡೆದಾಗ ಓಣಿಯ ಹೆಂಗಸರೆಲ್ಲ ಗೋಡೆಗೆ ಬಂದು ನಿಂತರು.

ಎರ್ರಣ್ಣನೂ ನೋಡಿದ. ನೋಡಿ, ಆಟೊದಲ್ಲಿ ಸಾಮಾನು ಹೇರಿಕೊಂಡು ಕುರುಗೋಡಿಗೆ ಹೋದ. ಹೆಂಡತಿಗೆ ತಿಳಿಯದಂತೆ ಅವನು ಆಗಾಗ ಹುಲಿಗೆಮ್ಮನನ್ನು ಮಾತಾಡಿಸುತ್ತಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಅವಳು ಹೂ ಮಾರುತ್ತಾಳೆ. ಅವತ್ತು ಸಂತೋಷ ತಡೆಯಲಾಗದೆ ಎಂಜಿನ್ ಕೂಡ ಆರಿಸದೆ, "ಅಕ್ಕಾ, ಉಚ್ಚೆಂಗಿ ಇವತ್ತ ಆಣಿ ಕಿತ್ತು ಒಗದ್ಳು" ಎಂದು ಕೂಗಿ ಮುಂದೆ ಹೋದ.

ನಮ್ಮ ಕಡೆಯ ಮಾತು ಗೊತ್ತಲ್ಲ, ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ. ಹಾಗೆಯೇ ಆಣೆಯೂ ಆಣಿಯಾಗುತ್ತದೆ. ಅಂಗಾಲಿನಲ್ಲಿ ಏಳುವುದೂ ಆಣಿ, ಅವ್ವನ ಮೇಲೆ ಇಡುವುದೂ ಆಣಿ. ಎರ್ರಣ್ಣ ಹೇಳಿದ್ದು ಕೋಳಿಯ ಕಾಲಿನದು. ಹುಲಿಗೆಮ್ಮ ಎರಡು ವರ್ಷದಿಂದ ಕಾಯುತ್ತಿದ್ದದ್ದು ಇನ್ನೊಂದು.

ಮರುದಿನ ಬೆಳಿಗ್ಗೆ ನಾವು ಪಟ್ಟಿ ಬದಲಿಸಲು ಕೂತಿದ್ದೆವು. ಮುಡಿ ತುಂಬ ಮಲ್ಲಿಗೆ ಮುಡಿದ ಹೆಂಗಸೊಬ್ಬಳು ದಾರಿ ಕೇಳಿಕೊಂಡು ನಮ್ಮ ಹಿತ್ತಲಿಗೆ ಬಂದಳು. ಕೈಯಲ್ಲಿ ಒಂದು ನೀರಿನ ಬಾಟಲಿ. ಉಚ್ಚೆಂಗೆಮ್ಮ ತಲೆಯೆತ್ತಿ ನೋಡಿದಳು.

"ಆಣಿ ಕಿತ್ತು ಒಗದಿಯಂತ. ಎರ್ರಣ್ಣ ಹೇಳಿದ," ಎಂದಳು ಹುಲಿಗೆಮ್ಮ. ಬಾಟಲಿಯನ್ನು ಮುಂದೆ ಚಾಚಿದಳು. "ನೀ ಬರೂತನಾ ಕಾಯಾಕ ಆಗಲಿಲ್ಲ. ನಮ್ಮನಿ ಕೊಡದ ನೀರು ತಂದೀನಿ. ಕುಡಿ."

ಇಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾದವಳು ನಾನು. ಆದರೆ ತಪ್ಪು ತಿದ್ದುವ ಚಾಳಿ ಎಲ್ಲಿ ಬಿಡುತ್ತದೆ? "ಅದು ಕೋಳಿ ಕಾಲಿನ ಆಣಿ ರೀ," ಎಂದುಬಿಟ್ಟೆ.

ಹುಲಿಗೆಮ್ಮ ನೀಲಿ ಬೂಟು ನೋಡಿದಳು. ತಂಗಿಯ ಮುಖ ನೋಡಿದಳು. ಬಾಟಲಿಯನ್ನು ಸೆರಗಿನ ಮರೆಗೆ ಸರಿಸಿಕೊಂಡು, "ಹಂಗೇನು," ಎಂದು ತಿರುಗಿದಳು. ನನ್ನ ನಾಲಿಗೆಯನ್ನು ನಾನೇ ಕತ್ತರಿಸಿಕೊಳ್ಳಬೇಕೆನಿಸಿತು. ಸತ್ತ ಅವ್ವನ ಮೇಲಿನ ಮಾತನ್ನು ಉಚ್ಚೆಂಗೆಮ್ಮ ಮುರಿಯುವವಳಲ್ಲ ಎಂದು ನಮಗೆ ಮೂವರಿಗೂ ಗೊತ್ತಿತ್ತು.

"ಅಕ್ಕಾ, ನಿಂದ್ರು," ಎಂದಳು ಉಚ್ಚೆಂಗೆಮ್ಮ. ಹೊಲಿಗೆಯ ಮುಂದೆ ಕೂತಾಗಿನಂತೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. "ಅವತ್ತು ನಾ ಏನಂದಿದ್ದೆ?"

"ಈಗ ಅದ್ಯಾಕ?"

"ಹೇಳು."

"ನನ್ನ ಮನ್ಯಾಗ ಹನಿ ನೀರು ಕುಡಿಯಂಗಿಲ್ಲ ಅಂದಿದ್ದಿ."

"ನಿನ್ನ ಮನ್ಯಾಗ," ಎಂದಳು ಉಚ್ಚೆಂಗೆಮ್ಮ. "ಇದು ನಿನ್ನ ಮನೀನಾ? ಇದು ಅಂಜನಕ್ಕಾರ ಹಿತ್ತಲ. ತಾ ಇಲ್ಲಿ."

ಬಾಟಲಿ ಇಸಿದುಕೊಂಡು ಒಂದೇ ಉಸಿರಿಗೆ ಅರ್ಧ ಕುಡಿದಳು. ನೀರು ಗದ್ದದಿಂದ ಇಳಿದು ಕುಪ್ಪಸ ತೋಯಿಸಿತು. ಹುಲಿಗೆಮ್ಮ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತು ಅತ್ತಳು, ಅಂದು ಬಾಯಿ ತಪ್ಪಿತು ಎಂದಳು, ಮತ್ತೆ ಅತ್ತಳು. ನಾನೂ ಅತ್ತೆ. ನಮ್ಮತ್ತೆ ಬಾಗಿಲಲ್ಲಿ ಮೂಗು ಒರೆಸಿಕೊಂಡರು. ಅಳದೇ ಇದ್ದವಳು ರಾಣಿ ಒಬ್ಬಳೇ, ಅವಳು ಈ ಗದ್ದಲದಲ್ಲಿ ಎರಡೂ ಕಾಲೂರಿ ನನ್ನ ತುಳಸಿಯ ಕಡೆ ಹೊರಟಿದ್ದಳು.

ಆಮೇಲೆ ಅಕ್ಕ ಕೋಳಿ ಹಿಡಿದಳು, ತಂಗಿ ಪಟ್ಟಿ ಬದಲಿಸಿದಳು. ಬಾವು ಇಳಿದಿತ್ತು, ಗಾಯ ಕೆಂಪಗೆ ಶುದ್ಧವಾಗಿತ್ತು. ಗೋಡೆಯಾಚೆಯಿಂದ ಓಣಿಯ ಹೆಂಗಸೊಬ್ಬಳು, ಕೋಳಿಗೆ ಬೂಟು ಹೊಲಿದವರು ಯಾರು ಎಂದು ಕೇಳಿದಳು.

"ನಮ್ ತಂಗಿ," ಎಂದಳು ಹುಲಿಗೆಮ್ಮ, ಕೋಳಿಯನ್ನು ಎದೆಗೆ ಒತ್ತಿಕೊಂಡು. "ಬಳ್ಳಾರ್ಯಾಗ ದಿನಾ ನೂರು ಮಂದಿ ಪ್ಯಾಂಟು ಬಿಚ್ಚತಾಳ."

ಉಚ್ಚೆಂಗೆಮ್ಮ ಗಂಟು ಹಾಕುತ್ತಿದ್ದ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೇ ನಕ್ಕಳು.