ಬೋಗುಣಿಯ ಬಿಸಿನೀರು, ಚೀಟಿ ಅಕ್ಕನ ಕಾವಲು

ಬೆಳಗ್ಗೆ ಐದೂವರೆ. ಕಾಲೇಜಿನ ದೊಡ್ಡ ಗೇಟಿಗೆ ಇನ್ನೂ ಬೀಗ. ಪಕ್ಕದ ಸಣ್ಣ ಬಾಗಿಲಿನಿಂದ ಒಳಗೆ ಹೋದರೆ, ಕಚೇರಿಯ ಮೂಲೆಯಲ್ಲಿ ಅಟೆಂಡರ್ ಹೆಂಗಸು ಸ್ಟೀಲ್ ಬೋಗುಣಿಗೆ ಬಿಸಿನೀರು ಸುರಿಯುತ್ತಿದ್ದಾರೆ.

"ಕೈ ಅದ್ದಿ ಅಣ್ಣ, ಸುಡಲ್ಲ."

ಎದುರಿಗೆ ಕೂತ ಗಾರೆ ಕೆಲಸದವರೊಬ್ಬರು ಮುಜುಗರಪಡುತ್ತಲೇ ಬೆರಳು ಇಳಿಬಿಡುತ್ತಾರೆ. ಪಕ್ಕದಲ್ಲಿ ಅವರ ಮಗಳು ಅರ್ಜಿಯ ಕಾಗದ ಹಿಡಿದು ನಿಂತಿದ್ದಾಳೆ.

ಅವಳಿಗೆ ಪದವಿಗೆ ಸೀಟು ಸಿಕ್ಕಿದೆ. ಶುಲ್ಕವನ್ನು ಸರ್ಕಾರವೇ ಕಟ್ಟುವ ಯೋಜನೆಯೂ ಇದೆ. ಆದರೆ ಮನೆಯ ಆದಾಯ ಇಷ್ಟೇ ಎಂದು ಅಪ್ಪ ಬೆರಳಚ್ಚು ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ ಒಪ್ಪಬೇಕು. ಇಪ್ಪತ್ತು ವರ್ಷ ಸಿಮೆಂಟು ಕಲಸಿದ ಬೆರಳಲ್ಲಿ ಗೆರೆಯೇ ಉಳಿದಿಲ್ಲ. ನಿನ್ನೆ ದಿನವಿಡೀ ಒತ್ತಿದರೂ ಯಂತ್ರ ಜಪ್ಪಯ್ಯ ಅಂದಿಲ್ಲ. ಇವತ್ತು ಕೊನೆಯ ದಿನ. ತಪ್ಪಿದರೆ ಸೀಟು ಬೇರೆಯವರ ಪಾಲು.

ಇದು ಅಟೆಂಡರ್ ಮಾಡಬೇಕಾದ ಕೆಲಸವೇನಲ್ಲ. ಅವರ ಪಾಲಿಗಿರುವುದು ಗಂಟೆ ಬಾರಿಸುವುದು, ಫೈಲು ಹೊರುವುದು. ಗುಮಾಸ್ತರು ಬರುವುದು ಹತ್ತಕ್ಕೆ. ಅಷ್ಟರಲ್ಲಿ ಎಲ್ಲ ಕಾಲೇಜುಗಳೂ ಮುಗಿಬಿದ್ದು ಸರ್ವರ್ ಸುಸ್ತಾಗಿರುತ್ತದೆ. ಹಾಗಾಗಿ ಅರ್ಜಿಯ ಎರಡು ತಿಂಗಳು ಪ್ರಾಂಶುಪಾಲರ ಒಪ್ಪಿಗೆ ಪಡೆದು ಇವರೇ ಐದಕ್ಕೆ ಬಾಗಿಲು ತೆಗೆಯುತ್ತಾರೆ. ಎಂಟರೊಳಗೆ ಮೂವತ್ತು ಅರ್ಜಿಯಾದರೂ ಹೋಗುತ್ತವೆ. ಬಿಸಿನೀರಿನ ಉಪಾಯವೂ ಇವರದೇ: ಹತ್ತು ನಿಮಿಷ ನೆನೆಸಿ, ಒರೆಸಿ, ಚೂರು ಎಣ್ಣೆ ಸವರಿ, ಮತ್ತೆ ಒರೆಸಬೇಕು.

"ಯಾರೂ ಹೇಳಿಕೊಟ್ಟಿದ್ದಲ್ಲ. ಮುಂಚೆ ಹೋಟೆಲಲ್ಲಿ ಪಾತ್ರೆ ತೊಳೀತಿದ್ದೆ. ನನ್ನ ಬೆರಳೂ ಹಿಂಗೇ ಕೈಕೊಟ್ಟಿತ್ತು," ಎಂದು ನಗುತ್ತಾರೆ.

ಹುಡುಗರು ಇವರಿಗಿಟ್ಟ ಹೆಸರು ಚೀಟಿ ಅಕ್ಕ. ಅರ್ಜಿ ಹೋದ ಮೇಲೆ ಪ್ರಿಂಟರಿನಿಂದ ಬರುವ ಸ್ವೀಕೃತಿ ಚೀಟಿಯನ್ನು ಕಚೇರಿಗೆ ಒಪ್ಪಿಸುವವರೆಗೆ ಯಾರನ್ನೂ ಬಾಗಿಲು ದಾಟಲು ಬಿಡುವುದಿಲ್ಲ. ಕೆಲವರು ಗೊಣಗುತ್ತಾರೆ. ಅಕ್ಕ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಆರು ವರ್ಷದ ಹಿಂದೆ, ಅಕ್ಕ ಇನ್ನೂ ಹೋಟೆಲಿನಲ್ಲಿದ್ದಾಗ, ಅವರ ಮಗಳೂ ಹೀಗೇ ಅರ್ಜಿ ಹಾಕಿದ್ದಳು. ಚೀಟಿ ಕೈಗೆ ಬಂತಲ್ಲ, ಎಲ್ಲ ಮುಗಿಯಿತು ಎಂದುಕೊಂಡ ತಾಯಿ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಜೋಪಾನ ಮಾಡಿದರು. ಅದನ್ನು ಕಾಲೇಜಿಗೆ ಕೊಟ್ಟರೆ ಮಾತ್ರ ಸರ್ಕಾರ ಶುಲ್ಕ ಕಟ್ಟುತ್ತದೆ ಎಂದು ತಿಳಿಯುವಷ್ಟರಲ್ಲಿ ಗಡುವು ದಾಟಿತ್ತು. ಮಗಳು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದಳು.

"ಅವಳ ಓದನ್ನ ನಾನೇ ಬೀರುವಲ್ಲಿಟ್ಟು ಬೀಗ ಹಾಕ್ದೆ. ಅವಳು ಬುತ್ತಿ ಕಟ್ಕೊಂಡು ಅಂಗಡಿಗೆ ಹೊರಟ್ಲು. ಬೈದಿದ್ರೆ ವಾಸಿ ಇತ್ತು."

ಅಷ್ಟು ಹೇಳಿ ಅಕ್ಕ ಗಾರೆಯವರ ಬೆರಳನ್ನು ಟವೆಲಿನಿಂದ ಒರೆಸುತ್ತಾರೆ. ಯಂತ್ರದಲ್ಲಿ ಐದು ಸಲ ಕೆಂಪು ದೀಪ. ಆರನೇ ಸಲ ಹಸಿರು. ಹುಡುಗಿ ಗೋಡೆಗೊರಗಿ ಅತ್ತೇಬಿಡುತ್ತಾಳೆ. ಪ್ರಿಂಟರ್ ಚೀಟಿ ಉಗುಳುತ್ತದೆ. ಅಪ್ಪ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸುತ್ತಾರೆ.

"ಜೇಬಿಗಲ್ಲ ಅಣ್ಣ." ಅಕ್ಕ ಕೈ ಚಾಚಿಯೇ ನಿಂತಿದ್ದಾರೆ. "ಇಲ್ಲಿ ಕೊಡಿ."

ಚೀಟಿ ಬಿಡಿಸಿ, ಮಡಿಕೆ ತೀಡಿ, ಗುಮಾಸ್ತರ ಟ್ರೇಯಲ್ಲಿಟ್ಟ ಮೇಲೆಯೇ ಅವರು ಕೂರುವುದು. ನಿಮಗೇನು ಆಸೆ ಎಂದು ಕೇಳಿದರೆ ಬೋಗುಣಿಯ ನೀರು ಚೆಲ್ಲುತ್ತಾ ಹೇಳುತ್ತಾರೆ:

"ಮುಂದಿನ ತಿಂಗಳು ನಮ್ಮಲ್ಲೇ ಸಂಜೆ ಕಾಲೇಜಿನ ಅರ್ಜಿ ಶುರು. ಮಗಳು ಹಾಕ್ತೀನಿ ಅಂದಿದ್ದಾಳೆ. ಚೀಟಿ ಮನೆಗೆ ತರಬೇಡ ಕಣೇ, ಎಲ್ಲರ ಹಾಗೆ ಸಾಲಲ್ಲಿ ನಿಂತು ಕೊಡು ಅಂದಿದ್ದೀನಿ. ಈ ಕಡೆ ನಿಂತು ನಾನು ತಗೋಬೇಕು, ಅಷ್ಟೇ."